ಹೋಗಿ ಬರುತ್ತೇನೆ ಎನ್ನುವ ಮೊದಲು

ಪ್ರೀತಿಯ ಮಗಳೇ,

ಈ ಪತ್ರವನ್ನು ಚಟ್ನಿಪುಡಿಯ ಡಬ್ಬಿಯ ಕೆಳಗೆ ಇಟ್ಟಿದ್ದೇನೆ, ಜರ್ಮನಿ ತಲುಪಿ ಬಟ್ಟೆಬರೆ ತೆಗೆಯುವಾಗ ನಿನ್ನ ಕೈಗೆ ಸಿಗಲಿ ಎಂದು. ಎದುರಿಗೆ ಕುಳಿತು ಹೇಳಲು ಹೋದರೆ ಗಂಟಲು ಕಟ್ಟುತ್ತದೆ, ಹೇಳಬೇಕಾದದ್ದು ಅರ್ಧಕ್ಕೇ ನಿಂತುಹೋಗುತ್ತದೆ.

ಅಲ್ಲಿಯ ಮಕ್ಕಳ ಶಿಬಿರಕ್ಕೆ ಸ್ವಯಂಸೇವಕಿಯಾಗಿ ನೀನು ಹೊರಡುವ ಸುದ್ದಿ ಊರಿಗೆಲ್ಲ ತಿಳಿದಿದೆ. ಮೊನ್ನೆ ಹಾಲಿನ ಡೈರಿಯ ಮುಂದೆ ನಾಲ್ಕು ಜನ ಸೇರಿ ನನ್ನನ್ನು ಕೇಳಿದರು: "ಸಂಬಳವಿಲ್ಲದ ಕೆಲಸಕ್ಕೆ ಕೈಯಿಂದ ದುಡ್ಡು ಹಾಕಿಕೊಂಡು ಅಷ್ಟು ದೂರ ಹೋಗಬೇಕೆ?" ಕೇಳುವುದರಲ್ಲಿ ತಪ್ಪಿಲ್ಲ. ವಿಮಾನದ ಟಿಕೆಟ್ಟು, ವೀಸಾ, ಕನಿಷ್ಠ 30,000 ಯೂರೊ ವೆಚ್ಚ ಭರಿಸುವ ವಿಮೆ, ಶಿಬಿರದ ಶುಲ್ಕ ಎಲ್ಲವೂ ನಮ್ಮದೇ. ಅವರು ಕೊಡುವುದು ಊಟ ಮತ್ತು ಮಲಗಲು ಜಾಗ. ಅದಕ್ಕಾಗಿ ನೀನು ನರಸಾಪುರದ ಕಾರ್ಖಾನೆಯಲ್ಲಿ ಎರಡು ವರ್ಷ ಪಾಳಿಯಲ್ಲಿ ದುಡಿದು ಕೂಡಿಟ್ಟೆ. ನೀನು ನನಗೆ ಹೇಳಿದ್ದ ಕಥೆಯನ್ನೇ ಅವರಿಗೆ ಹೇಳಿದೆ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಪಿಯರ್ ಸೆರೆಸೋಲ್ ಎಂಬ ಸ್ವಿಸ್ ಎಂಜಿನಿಯರ್ ಫ್ರಾನ್ಸಿನ ವರ್ಡನ್ ಬಳಿ ಯುದ್ಧದಲ್ಲಿ ನೆಲಸಮವಾದ ಹಳ್ಳಿಯೊಂದನ್ನು ಕಟ್ಟಲು ಹೊರಟರು. ಜೊತೆಯಲ್ಲಿ ನಿನ್ನೆಯವರೆಗೆ ಶತ್ರುಗಳಾಗಿದ್ದ ಜರ್ಮನ್ನರೂ ಇದ್ದರು. ನೀನು ಹೋಗುತ್ತಿರುವಂಥ ಶಿಬಿರಗಳ ಬೇರು ಅಲ್ಲಿದೆ. ಅದೇ ಮನುಷ್ಯ 1934ರ ಜನವರಿ 15ರ ಬಿಹಾರ ಭೂಕಂಪದ ನಂತರ ಸಂಗಡಿಗರೊಂದಿಗೆ ನಮ್ಮ ದೇಶಕ್ಕೂ ಬಂದು ಹಳ್ಳಿಗಳನ್ನು ಮತ್ತೆ ಕಟ್ಟುವ ಕೆಲಸಕ್ಕೆ ಹೆಗಲು ಕೊಟ್ಟರು. "ಅವರು ಬಂದು ನಮ್ಮ ಮಣ್ಣು ಹೊತ್ತಿದ್ದಾರೆ, ನನ್ನ ಮಗಳು ಹೋಗಿ ಅವರ ಮಕ್ಕಳನ್ನು ಆಡಿಸಿ ಬರಲಿ" ಎಂದೆ. ಹಾಲು ಅಳೆಯುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು.

ಆದರೆ ಈ ಪತ್ರ ಬರೆದದ್ದು ಅದಕ್ಕಲ್ಲ. ನಿನಗೆ ಇದುವರೆಗೆ ಹೇಳದ ಒಂದು ಸಂಗತಿ ಇದೆ.

ನನಗೆ ಒಂಬತ್ತು ವರ್ಷವಾಗಿದ್ದಾಗ ನಮ್ಮೂರಿಗೆ ಕಾಲೇಜಿನ ಹುಡುಗ ಹುಡುಗಿಯರು ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರಕ್ಕೆ ಬಂದರು. ಈಗ ಏಳು ದಿನ ಮಾಡುತ್ತಾರೆ, ಆಗ ಹತ್ತು ದಿನ. ಹಗಲಿಡೀ ಕೆರೆಯ ದಾರಿಗೆ ಮಣ್ಣು ಹಾಕುತ್ತಿದ್ದರು, ಸಂಜೆ ಶಾಲೆಯ ಅಂಗಳದಲ್ಲಿ ನಮ್ಮನ್ನೆಲ್ಲ ಸೇರಿಸಿ ಆಡಿಸುತ್ತಿದ್ದರು. ಅವರಲ್ಲಿ ಒಬ್ಬ ಅಕ್ಕ ನನ್ನ ಸಿಕ್ಕುಗಟ್ಟಿದ ತಲೆಗೆ ಎಣ್ಣೆ ಹಚ್ಚಿ, ಬಿಡಿಸಿ, ಎರಡು ಜಡೆ ಹಾಕಿದಳು. ಮನೆಯಲ್ಲಿ ನಾವು ಐದು ಜನ ಮಕ್ಕಳು. ರೇಷ್ಮೆ ಹುಳುವಿಗೆ ಸೊಪ್ಪು ಹಾಕುವುದರಲ್ಲೇ ನಿನ್ನ ಅಜ್ಜಿಯ ದಿನ ಮುಗಿದುಹೋಗುತ್ತಿತ್ತು. ನನ್ನೊಬ್ಬಳಿಗಾಗಿ ಯಾರಾದರೂ ಅರ್ಧ ಗಂಟೆ ಕುಳಿತದ್ದು ಅದೇ ಮೊದಲು. ಹೊರಡುವ ದಿನ ಆ ಅಕ್ಕ ಲಾರಿ ಹತ್ತುತ್ತಾ, "ಮಾವಿನ ಕಾಲಕ್ಕೆ ಬರುತ್ತೇನೆ, ನನಗೊಂದು ಹಣ್ಣು ಇಟ್ಟಿರು" ಎಂದಳು.

ನಾನು ಇಟ್ಟೆ. ಹಿತ್ತಲಿನ ರಸಪುರಿ ಮರದಲ್ಲಿ ಚೆನ್ನಾಗಿ ಬಲಿತ ಕಾಯಿಯೊಂದನ್ನು ಆರಿಸಿ ಅಟ್ಟದ ಮೇಲೆ ಹುಲ್ಲಿನಲ್ಲಿ ಹಣ್ಣಿಗೆ ಹಾಕಿದೆ. ಬಸ್ಸು ಬರುವ ಹೊತ್ತಿಗೆ ದಿನವೂ ಅರಳಿಕಟ್ಟೆಗೆ ಹೋಗಿ ನಿಲ್ಲುತ್ತಿದ್ದೆ. ನಿನ್ನ ಸೋದರಮಾವ ಆ ಹಣ್ಣನ್ನು ಕೇಳಿದಾಗ ಅವನಿಗೆ ಹೊಡೆದೆ. ಹಣ್ಣು ಕಪ್ಪಾಗಿ, ನೀರೊಡೆದು, ನೊಣ ಮುತ್ತಿದ ದಿನ ಅಜ್ಜಿ ಬೈದುಕೊಂಡೇ ಅದನ್ನು ತಿಪ್ಪೆಗೆ ಎಸೆದಳು.

ಆ ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ. ಅವಳು ಮೋಸ ಮಾಡಬೇಕೆಂದು ಹೇಳಿದವಳಲ್ಲ. ಹೊರಡುವಾಗ ನಾವು ಯಾರೂ "ಹೋಗುತ್ತೇನೆ" ಎನ್ನುವುದಿಲ್ಲ, "ಬರುತ್ತೇನೆ" ಎನ್ನುತ್ತೇವೆ. ದೊಡ್ಡವರಿಗೆ ಅದು ಹೊಸಿಲು ದಾಟುವ ಮಾತು. ಮಗು ಮಾತ್ರ ಅದನ್ನು ಹೇಳಿದ ಹಾಗೆಯೇ ತೆಗೆದುಕೊಂಡು ಕಾಯುತ್ತದೆ. ಜರ್ಮನ್ನರ "ಆಫ್ ವೀಡರ್‌ಝೇನ್" ಎಂಬುದಕ್ಕೂ ಮತ್ತೆ ಕಾಣುವವರೆಗೆ ಎಂದೇ ಅರ್ಥ ಎಂದು ನೀನು ಪಾಠ ಕಲಿಯುವಾಗ ನನಗೆ ಹೇಳಿದ್ದೆ. ಅಂದರೆ ಅವರ ಭಾಷೆಯೂ ನಮ್ಮದರಂತೆಯೇ ಇದೆ. ಮಕ್ಕಳು ತಮ್ಮತಮ್ಮಲ್ಲಿ "ಚ್ಯೂಸ್", ಅಂದರೆ ಬರೀ ವಿದಾಯ, ಎನ್ನುತ್ತಾರೆ ಎಂದಿದ್ದೆಯಲ್ಲ, ನೀನೂ ಅದನ್ನೇ ಹೇಳು. ಮುಂದಿನ ವರ್ಷವೂ ಬರುತ್ತೀಯಾ ಎಂದು ಯಾವುದಾದರೂ ಮಗು ಕೇಳಿದರೆ, ಬರುವುದಿಲ್ಲ ಎಂದು ಅದರ ಕಣ್ಣು ನೋಡಿಯೇ ಹೇಳು. ಅತ್ತರೆ ಅಳಲಿ. ಪಕ್ಕದಲ್ಲಿ ಕುಳಿತಿರು.

ನಮ್ಮ ಅಂಗನವಾಡಿಗೆ ತರಬೇತಿಯ ಹುಡುಗಿಯರು ಬಂದಾಗಲೆಲ್ಲ ನಾನು ಒಂದು ಕೆಲಸ ಮಾಡುತ್ತೇನೆ. ಅವರು ಎಷ್ಟು ದಿನ ಇರುತ್ತಾರೋ ಅಷ್ಟು ಹುಣಸೆ ಬೀಜಗಳನ್ನು ಬಟ್ಟಲಿಗೆ ಹಾಕಿ ಕಿಟಕಿಯಲ್ಲಿಡುತ್ತೇನೆ. ದಿನಕ್ಕೊಂದು ಬೀಜವನ್ನು ಒಂದೊಂದು ಮಗು ತೆಗೆಯುತ್ತದೆ. ಬಟ್ಟಲು ಬರಿದಾದ ದಿನ ಅಕ್ಕ ಹೊರಡುತ್ತಾಳೆ ಎಂದು ನಾಲ್ಕು ವರ್ಷದ ಮಗುವಿಗೂ ಗೊತ್ತಿರುತ್ತದೆ. ನಿನ್ನದು 14 ದಿನದ ಶಿಬಿರ. ನಿನ್ನ ಗುಂಪಿನವರು ಎಂಟರಿಂದ ಹನ್ನೆರಡು ವರ್ಷದವರು, ಇದು ಎಳಸು ಎನ್ನಬಹುದು. ಆದರೂ ಅಲ್ಲಿ ಹೊಳೆಯ ಕಲ್ಲುಗಳನ್ನು ಆರಿಸಿಟ್ಟು ನೋಡು.

ಮಾತು ಕೊಡುವ ಇನ್ನೊಂದು ಸಂದರ್ಭ ಇದಕ್ಕಿಂತ ಕಷ್ಟದ್ದು. "ಒಂದು ವಿಷಯ ಹೇಳುತ್ತೇನೆ, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡು" ಎಂದು ಮಗುವೊಂದು ನಿನ್ನ ಬಳಿ ಬರಬಹುದು. ಆಣೆ ಮಾಡಬೇಡ. ಆ ಮಗುವಿಗೆ ಯಾರಾದರೂ ಕೇಡು ಮಾಡುತ್ತಿದ್ದರೆ ನೀನು ಶಿಬಿರದ ಮುಖ್ಯಸ್ಥರಿಗೆ ಹೇಳಲೇಬೇಕಾಗುತ್ತದೆ, ಆಗ ಆಣೆ ಮುರಿದವಳೂ ನೀನೇ ಆಗುತ್ತೀಯೆ. "ನಿನ್ನನ್ನು ಕಾಪಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ" ಎಂದು ಮೊದಲೇ ತಿಳಿಸು. ಇಲ್ಲಿ ನಮಗೂ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ ಬಂದ ಮೇಲೆ ತಿಳಿದೂ ಸುಮ್ಮನಿರುವುದು ಅಪರಾಧ. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಕೇಳಿದರೆಂದು ನೀನು ಮುಖ ಸಣ್ಣದು ಮಾಡಿಕೊಂಡಿದ್ದೆ. ನನಗೆ ಅಂದೇ ಆ ಸಂಸ್ಥೆಯ ಮೇಲೆ ನಂಬಿಕೆ ಹುಟ್ಟಿತು. ಮಕ್ಕಳ ಹತ್ತಿರ ಬಿಡುವ ಮೊದಲು ನನ್ನ ಮಗಳನ್ನೂ ವಿಚಾರಿಸಿಕೊಳ್ಳುವವರು ಅವರು.

ನೀನು ಮೊದಲು ನೋಡಿದ್ದ ಅನಾಥಾಲಯದ ಕಾರ್ಯಕ್ರಮಕ್ಕೆ ನಾನು ಏಕೆ ಅಷ್ಟು ಹಟ ಹಿಡಿದು ಬೇಡವೆಂದೆ ಎಂಬುದು ಈಗ ನಿನಗೆ ಅರ್ಥವಾಗಿರಬೇಕು. ಹದಿನೈದು ದಿನಕ್ಕೊಮ್ಮೆ ಹೊಸ ಅಕ್ಕ, ಹೊಸ ಅಣ್ಣ. ಪ್ರತಿಯೊಬ್ಬರೂ ಎತ್ತಿಕೊಂಡು, ಮುದ್ದಾಡಿ, ಫೋಟೊ ತೆಗೆಸಿಕೊಂಡು ಹೊರಟುಹೋಗುವವರೇ. ಬಂದವರು ಕೊಡುವ ಹಣಕ್ಕಾಗಿ ಹೆತ್ತವರಿರುವ ಮಕ್ಕಳನ್ನೇ ತಂದು ಅನಾಥರೆಂದು ತೋರಿಸುವುದು ನೇಪಾಳ, ಕಾಂಬೋಡಿಯಾಗಳಲ್ಲಿ ಬಯಲಾಗಿದೆ. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಈ ಹಾನಿಯನ್ನು ತನ್ನ ನಿರ್ಣಯದಲ್ಲಿ ಎತ್ತಿ ಹೇಳಿತು. ನಿನ್ನ ಶಿಬಿರದ ಮಕ್ಕಳು ಕೊನೆಯ ದಿನ ಅಪ್ಪ ಅಮ್ಮನ ಕೈ ಹಿಡಿದು ಮನೆಗೆ ಹೋಗುತ್ತಾರೆ. ನನ್ನ ಮನಸ್ಸು ಒಪ್ಪಿದ್ದು ಆ ಒಂದು ಕಾರಣಕ್ಕೆ.

ಹಾಗೆಂದು ಅವರು ಮನೆ ನೆನೆದು ಅಳುವುದಿಲ್ಲ ಎಂದಲ್ಲ. ಜುಲೈನಲ್ಲಿ ಅಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ನಿದ್ದೆ ಬಾರದೆ ಹೊರಳುವ ಹೊತ್ತಿಗೇ ಅಮ್ಮನ ನೆನಪು. ನೀನು ಹತ್ತು ವರ್ಷದವಳಿದ್ದಾಗ ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದ ಮಕ್ಕಳ ಶಿಬಿರಕ್ಕೆ ಹೋಗಿದ್ದೆಯಲ್ಲ, ಎರಡನೆಯ ರಾತ್ರಿ ಹೊಟ್ಟೆನೋವು ಎಂದು ಅತ್ತಿದ್ದೆ. ಅಲ್ಲಿದ್ದ ಅಕ್ಕ ನಿನಗೆ ಮರುದಿನದ ತಟ್ಟೆಗಳನ್ನು ಎಣಿಸುವ ಕೆಲಸ ಕೊಟ್ಟಳಂತೆ, ನಲವತ್ತು ಮುಟ್ಟುವಷ್ಟರಲ್ಲಿ ನೋವು ಹೋಗಿತ್ತಂತೆ. ಮನೆಗೆ ಬಂದು ನನಗೆ ಬೆಟ್ಟದ ಬಗ್ಗೆ ಹೇಳುವ ಮೊದಲು ಆ ತಟ್ಟೆಗಳ ಬಗ್ಗೆಯೇ ಹೇಳಿದೆ. ಅದನ್ನು ನೆನಪಿಡು. "ಮಲಗು, ನಾಳೆ ಅಮ್ಮನನ್ನು ಕರೆಸುತ್ತೇನೆ" ಎಂದು ಮಾತ್ರ ಹೇಳಬೇಡ, ಆ ಮಗು ಬೆಳಗ್ಗೆ ಗೇಟಿನ ಬಳಿ ನಿಂತಿರುತ್ತದೆ. ಹಾಸಿಗೆ ಒದ್ದೆ ಮಾಡಿಕೊಂಡ ಮಗುವಿದ್ದರೆ ಉಳಿದವರು ಏಳುವ ಮೊದಲೇ ಹೊದಿಕೆ ಬದಲಿಸು, ಯಾರ ಮುಂದೆಯೂ ಆ ಮಾತು ಎತ್ತಬೇಡ.

ಕಡಲೆಕಾಯಿ ಚಿಕ್ಕಿ ಕಟ್ಟಿದ್ದೇನೆ, ಅದು ನಿನಗೆ ಮಾತ್ರ. ನಮಗೆ ಅನ್ನದಷ್ಟೇ ಸಹಜವಾದ ಕಡಲೆಕಾಯಿ ಕೆಲವು ಮಕ್ಕಳಿಗೆ ಒಂದು ಚೂರು ತಾಗಿದರೂ ಗಂಟಲು ಊದಿ ಉಸಿರು ಕಟ್ಟುತ್ತದೆ. ಯಾವ ಮಗುವಿಗೆ ಯಾವ ಅಲರ್ಜಿ ಇದೆ, ಅಲರ್ಜಿಯಾದ ಕೂಡಲೇ ಕೊಡುವ ಚುಚ್ಚುಮದ್ದಿನ ಪೆನ್ನು ಎಲ್ಲಿದೆ ಎಂದು ಮೊದಲ ದಿನವೇ ಕೇಳಿ ತಿಳಿದುಕೋ. ಮಕ್ಕಳ ಮುಂದೆ ಚಿಕ್ಕಿಯ ಪೊಟ್ಟಣ ಬಿಚ್ಚಲೇಬೇಡ. ಕಾಡಿನಲ್ಲಿ ಓಡಾಡಿ ಬಂದ ಸಂಜೆ ಉಣ್ಣಿ ಕಚ್ಚಿದೆಯೇ ಎಂದು ಮಕ್ಕಳೂ ನೀನೂ ನೋಡಿಕೊಳ್ಳಿ. ನಮ್ಮ ಹಸುವಿನ ಕಿವಿಯಲ್ಲಿ ನೋಡಿ ಅಭ್ಯಾಸವಿದೆ ನಿನಗೆ. ಅಲ್ಲಿಯದು ಲೈಮ್ ಎಂಬ ಕಾಯಿಲೆ ತರುತ್ತದೆ.

ಮಾವಿನ ಹಣ್ಣು ಒಯ್ಯುತ್ತೇನೆ ಎಂದು ನೀನು ಹಟ ಮಾಡಿದೆ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಅಲ್ಲಿಗೆ ಬಿಡುವುದಿಲ್ಲ. 2014ರಲ್ಲಿ ಹಣ್ಣುನೊಣದ ಕಾರಣಕ್ಕೆ ಯುರೋಪಿನವರು ನಮ್ಮ ದೇಶದ ಮಾವನ್ನೇ ನಿಲ್ಲಿಸಿದ್ದು ಶ್ರೀನಿವಾಸಪುರದ ಮಂಡಿಯಲ್ಲಿ ಎಲ್ಲರಿಗೂ ನೆನಪಿದೆ. ನೀನು ಬರುವ ಹೊತ್ತಿಗೆ ಬಾದಾಮಿ, ರಸಪುರಿ ಮುಗಿದಿರುತ್ತವೆ. ಬಾವಿಯ ಪಕ್ಕದ ನೀಲಂ ಮರದಲ್ಲಿ ತಡವಾಗಿ ಬಲಿಯುವ ನಾಲ್ಕು ಕಾಯಿಗಳನ್ನು ಗುರುತು ಮಾಡಿಟ್ಟಿದ್ದೇನೆ. ನೀನು ವಿಮಾನ ಹತ್ತುವುದಕ್ಕೆ ಒಂದು ವಾರ ಮೊದಲು ಫೋನ್ ಮಾಡು, ಅಂದು ಕಿತ್ತು ಹುಲ್ಲಿನಲ್ಲಿ ಹಾಕುತ್ತೇನೆ.

ನಿನ್ನ ಅಮ್ಮ