ಚೀಟಿಯಲ್ಲಿ ವಾರ್ಫರಿನ್, ಡಬ್ಬಿಯಲ್ಲಿ ಬೇರೆಯೇ: ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಮೂರು ಫೋನು, ಎರಡು ಮೇಲ್ ಆದ ಮೇಲೆ ಈ ಪತ್ರ. ವೈದ್ಯರು ಬರೆದದ್ದು ವಾರ್ಫರಿನ್ 5 ಮಿ.ಗ್ರಾಂ. ನೀವು ಕಳಿಸಿದ್ದು ರಿವರೋಕ್ಸಬಾನ್ 20 ಮಿ.ಗ್ರಾಂ. ವೈದ್ಯರ ಒಪ್ಪಿಗೆಯಿಲ್ಲದೆ ಔಷಧ ಬದಲಿಸುವುದಿಲ್ಲ ಎಂದು ನಿಮ್ಮ ಬಿಲ್ಲಿನ ಹಿಂಬದಿಯಲ್ಲೇ ಅಚ್ಚಾಗಿದೆ. ಬಿಡುವಾದಾಗ ಓದಿ.

ಎರಡನೇ ಕರೆಯಲ್ಲಿ ನಿಮ್ಮವರು ಹೆಸರು ಕೇಳಿದರು, ಆರ್ಡರ್ ನಂಬರ್ ಕೇಳಿದರು, ಮತ್ತೆ ಹೆಸರು ಕೇಳಿದರು. 11 ನಿಮಿಷ ಸಂಗೀತ. ಆಮೇಲೆ, "ಎರಡೂ ರಕ್ತ ತೆಳು ಮಾಡೋ ಮಾತ್ರೆನೇ ಮೇಡಂ. ಇದು ಹೊಸದು. ಐಎನ್‌ಆರ್ ಟೆಸ್ಟೂ ಬೇಡ, ಪಥ್ಯವೂ ಬೇಡ." ಐಎನ್‌ಆರ್ ಎಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಅಳತೆ. ನನಗಿರುವುದು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್, ರಕ್ತ ಬೇಡದ ಕಡೆ ಹೆಪ್ಪುಗಟ್ಟುವ ಕಾಯಿಲೆ, ಅದರ ಮೂರೂ ರಕ್ತಪರೀಕ್ಷೆ ಪಾಸಿಟಿವ್ ಎಂದೆ. "ಆಂಟಿ... ಏನಂದ್ರಿ? ಸ್ಪೆಲ್ಲಿಂಗ್ ಹೇಳಿ." ಹೇಳಿದೆ. ಇನ್ನೊಮ್ಮೆ ಹೇಳಿದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. "ಗೂಗಲ್ ನೋಡಿ ಟೆನ್ಷನ್ ಮಾಡ್ಕೋಬೇಡಿ ಮೇಡಂ."

ಗೂಗಲ್ ಬೇಡ, 2018ರ ಟ್ರಾಪ್ಸ್ ಅಧ್ಯಯನ ಸಾಕು. ಮೂರೂ ಪಾಸಿಟಿವ್ ಇದ್ದವರ ಮೇಲೆ ನಡೆದದ್ದು. ರಿವರೋಕ್ಸಬಾನ್ ಗುಂಪಿನ 59 ಜನರಲ್ಲಿ 4 ಮಂದಿಗೆ ಪಾರ್ಶ್ವವಾಯು, 3 ಮಂದಿಗೆ ಹೃದಯಾಘಾತ. ವಾರ್ಫರಿನ್ ಗುಂಪಿನ 61 ಜನರಲ್ಲಿ ಒಬ್ಬರಿಗೂ ರಕ್ತ ಹೆಪ್ಪುಗಟ್ಟಿ ತೊಂದರೆಯಾಗಲಿಲ್ಲ. ಅವಧಿಗೆ ಮೊದಲೇ ನಿಲ್ಲಿಸಿದರು. ಮರುವರ್ಷ ಯುರೋಪಿನ ಔಷಧ ನಿಯಂತ್ರಕರೂ ಇಂಥವರಿಗೆ ರಿವರೋಕ್ಸಬಾನ್ ಬೇಡ ಎಂದರು. ನಿಮ್ಮ ಕಾಲ್ ಸೆಂಟರಿಗೆ ಸುದ್ದಿ ಇನ್ನೂ ತಲುಪಿಲ್ಲ.

ವಾರ್ಫರಿನ್ ಬರುವವರೆಗೆ "ನಾಲ್ಕೈದು ದಿನ ತಡೆಯಿರಿ" ಎಂದಿರಲ್ಲ, ಅದರ ಲೆಕ್ಕವನ್ನೂ ಕೇಳಿ. ವಾರ್ಫರಿನ್ ನಿಂತರೆ ಅಷ್ಟು ದಿನದಲ್ಲಿ ಐಎನ್‌ಆರ್ 2ರ ಕೆಳಗೆ ಇಳಿಯುತ್ತದೆ. ನನಗೆ ಇರಬೇಕಾದದ್ದು 2ರಿಂದ 3. ಮತ್ತೆ ಶುರು ಮಾಡಿದ ದಿನವೇ ಅದು ಏರುವುದಿಲ್ಲ, ರಕ್ತದಲ್ಲಿ ಮೊದಲೇ ಇರುವ ಹೆಪ್ಪುಗಟ್ಟಿಸುವ ಅಂಶಗಳು ಖರ್ಚಾಗಬೇಕು. ಅಲ್ಲಿಯವರೆಗೆ, ಅಂದರೆ ಕಡಿಮೆಯೆಂದರೂ 5 ದಿನ, ಐಎನ್‌ಆರ್ 2 ಮುಟ್ಟಿ 24 ಗಂಟೆ ನಿಲ್ಲುವ ತನಕ, ಹೊಟ್ಟೆಯ ಚರ್ಮಕ್ಕೆ ಹೆಪರಿನ್ ಎಂಬ ರಕ್ತ ತೆಳು ಮಾಡುವ ಮದ್ದು ಚುಚ್ಚಿಕೊಳ್ಳಬೇಕು. ಇನ್ನು, ಮನೆಯಲ್ಲಿ ಉಳಿದ ವಾರ್ಫರಿನ್ ಜೊತೆಗೇ ನೀವು ಕಳಿಸಿದ ರಿವರೋಕ್ಸಬಾನನ್ನೂ ನುಂಗಿದವರಿಗೆ ರಕ್ತಸ್ರಾವದ ಅಪಾಯ. ಹೊಸ ಡಬ್ಬಿಯ ಮೇಲೆ ಇದು ವಾರ್ಫರಿನ್ ಬದಲಿಗೆ ಎಂದು ಒಂದು ಚೀಟಿಯನ್ನೂ ನೀವು ಅಂಟಿಸಿರಲಿಲ್ಲ.

ಮೇಲ್‌ಗೆ ಉತ್ತರವಾಗಿ ಮುಂದಿನ ಆರ್ಡರಿಗೆ ರಿಯಾಯಿತಿ ಕೂಪನ್ ಬಂದಿದೆ. ಧನ್ಯಳಾದೆ.

ಬದಲಾವಣೆಗೆ ಸಹಿ ಹಾಕಿದ ಫಾರ್ಮಸಿಸ್ಟ್ ಯಾರು ಎಂದು ಏಳು ದಿನದೊಳಗೆ ಬರವಣಿಗೆಯಲ್ಲಿ ತಿಳಿಸಿ. ಹಣ ವಾಪಸ್ ಮಾಡುವ ಮಾತು ಬೇಡ. ಒಡೆಯದ ಡಬ್ಬಿ, ಬಿಲ್ಲು, ಕರೆಯ ರೆಕಾರ್ಡಿಂಗ್ ನನ್ನ ಬಳಿ ಇವೆ. ಎಂಟನೇ ದಿನ ಅವು ಔಷಧ ನಿಯಂತ್ರಕರ ಮೇಜಿನ ಮೇಲಿರುತ್ತವೆ, ಅಲ್ಲಿಂದ ಗ್ರಾಹಕ ನ್ಯಾಯಾಲಯಕ್ಕೆ. ನಕ್ಕವರು ಯಾರೆಂದು ಅಲ್ಲೇ ಎಲ್ಲರೂ ಕೂತು ಕೇಳೋಣ.

ಇಂತಿ,
ನಿಮ್ಮ ಹಳೆಯ ಗ್ರಾಹಕಿ