ಅರಗು ಕರಗುವ ಹೊತ್ತು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಸೋಪು ಕತ್ತರಿಸುವ ವಿಡಿಯೊ ಹಾಕದಿದ್ದರೆ ಮಗಳು ಹಾಸಿಗೆಗೆ ಬರುವುದಿಲ್ಲ, ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ತಣ್ಣಗಾಗುತ್ತಾಳೆ, ಇದು ಸರಿಯೋ ತಪ್ಪೋ ತಿಳಿಯುತ್ತಿಲ್ಲ ಎಂದು ಬರೆದಿದ್ದೀಯೆ. ಅದರ ಕೆಳಗೆ ಇನ್ನೊಂದು ಸಾಲು: ‘ನಿಜ ಹೇಳಬೇಕೆಂದರೆ ನಾನೂ ಪಕ್ಕದಲ್ಲಿ ಕೂತು ನೋಡುತ್ತೇನೆ.’ ಆ ಸಾಲಿಗಾಗಿಯೇ ಈ ಉತ್ತರ. ನಮ್ಮ ಮನೆಯಲ್ಲಿ ಮೂರು ತಲೆಮಾರಿನವರು ಕೂತು ನೋಡುತ್ತೇವೆ.

ಅಪ್ಪ ಹೋದ ಮೇಲೆ ಅಮ್ಮನಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ, ನಿನಗೆ ಗೊತ್ತು. ಧಾರಾವಾಹಿಗಳನ್ನು ಬಿಟ್ಟಿದ್ದರು, ಅದರಲ್ಲಿ ಯಾರಾದರೂ ಅತ್ತರೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಒಂದು ರಾತ್ರಿ ಮಗ ಅಜ್ಜಿಯ ಮಗ್ಗುಲಲ್ಲಿ ಮಲಗಿಕೊಂಡು ಮೊಬೈಲಿನಲ್ಲಿ ಚನ್ನಪಟ್ಟಣದ ಬೊಂಬೆ ಮಾಡುವ ವಿಡಿಯೊ ನೋಡುತ್ತಿದ್ದ. ಮಾತಿಲ್ಲ, ಸಂಗೀತವಿಲ್ಲ. ಲೇತಿಗೆ ಸಿಕ್ಕಿಸಿದ ಆಲೆ ಮರದ ತುಂಡು ತಿರುಗುತ್ತಿದೆ, ಉಳಿ ತಾಗಿದ ಕಡೆಯಿಂದ ಬಿಳಿಯ ಹೊಟ್ಟು ಸುರುಳಿ ಸುರುಳಿಯಾಗಿ ಉದುರುತ್ತಿದೆ. ತುಂಡು ಬುಗುರಿಯ ಆಕಾರಕ್ಕೆ ಬಂದ ಮೇಲೆ ಕೆಲಸಗಾರ ಕೆಂಪು ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾನೆ. ಬೆಂಕಿ ಇಲ್ಲ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮೊದಲು ಬಣ್ಣ ಮಂಕಾಗಿ, ಅಲ್ಲಲ್ಲಿ ದಪ್ಪಗಾಗಿ ಕೂರುತ್ತದೆ. ಆಮೇಲೆ ಕೇದಗೆ ಎಲೆಯನ್ನು ಒತ್ತಿ ಹಿಡಿದರೆ ಸಮನಾಗಿ ಹರಡಿ ಹೊಳೆಯತೊಡಗುತ್ತದೆ. ಆ ಹೊಳಪು ಬಂದ ಗಳಿಗೆಯಲ್ಲಿ ಅಮ್ಮ ದೀರ್ಘವಾಗಿ ಉಸಿರು ಬಿಟ್ಟರು. ಎಷ್ಟೋ ವಾರಗಳಿಂದ ನಾನು ಅಂಥ ಉಸಿರನ್ನು ಕೇಳಿರಲಿಲ್ಲ. “ಇನ್ನೊಂದು ಸಲ ಹಾಕು ಪುಟ್ಟಾ” ಎಂದರು.

ಅಂದಿನಿಂದ ನಾನು ಇದನ್ನೇ ಯೋಚಿಸುತ್ತಿದ್ದೇನೆ. ಮನೆಯ ಕೆಲಸ ಮುಗಿಯಿತು ಎನ್ನುವುದೇ ಇಲ್ಲ. ಪಾತ್ರೆ ತೊಳೆದು ಬೋರಲು ಹಾಕುವಷ್ಟರಲ್ಲಿ ಮತ್ತೊಂದು ಲೋಟ ಬಂದು ಕೂರುತ್ತದೆ. ದುಃಖವೂ ಹಾಗೆಯೇ, ಇಂದಿಗೆ ಸಾಕು ಎಂದು ಎತ್ತಿಡಲು ಬರುವುದಿಲ್ಲ. ಈ ವಿಡಿಯೊದಲ್ಲಿ ಮಾತ್ರ ಒಂದು ಕೆಲಸ ಕಣ್ಣೆದುರಿಗೆ ಶುರುವಾಗಿ, ಕಣ್ಣೆದುರಿಗೇ ಕೊನೆ ಮುಟ್ಟುತ್ತದೆ. ನೋಡುವವರಿಂದ ಅದು ಏನನ್ನೂ ಕೇಳುವುದಿಲ್ಲ. ದಣಿದ ಮನಸ್ಸಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದಿದೆ?

ಪಿಸುಮಾತು, ಬ್ರಷ್ ಸವರುವ ಸದ್ದು ಇಂಥವಕ್ಕೆ ಕೆಲವರ ನೆತ್ತಿಯಿಂದ ಬೆನ್ನಿನವರೆಗೆ ಹಿತವಾದ ಜುಮ್ಮೆನ್ನುವ ಅನುಭವವಾಗುತ್ತದಲ್ಲ, ಅದಕ್ಕೆ ಎಎಸ್‌ಎಂಆರ್ ಎಂಬ ಹೆಸರು ಬಂದದ್ದೇ 2010ರಲ್ಲಿ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಅನುಭವ ಆಗುವವರ ಹೃದಯ ಬಡಿತ ಅಂಥ ವಿಡಿಯೊ ನೋಡುವಾಗ ನಿಮಿಷಕ್ಕೆ ಸರಾಸರಿ ಮೂರರಷ್ಟು ತಗ್ಗಿತ್ತು. ಎಲ್ಲರಿಗೂ ಹೀಗಾಗುವುದಿಲ್ಲ ಎಂಬುದನ್ನು ಮರೆಯಬೇಡ. ನನ್ನ ಹೆಂಡತಿಗೆ ಪಿಸುಮಾತು ಕೇಳಿದರೆ ಮೈಯೆಲ್ಲ ಮುಳ್ಳಾಗುತ್ತದೆ. ಅವಳಿಗಾಗಿ ನಾವು ಅಂಥವನ್ನು ಹಾಕುವುದಿಲ್ಲ. ಕುಂಬಾರಿಕೆ, ಮರಗೆಲಸದ ವಿಡಿಯೊಗಳಾದರೆ ಅವಳೂ ಬಂದು ಕೂರುತ್ತಾಳೆ.

ನಿನ್ನ ಆತಂಕ ಸುಳ್ಳಲ್ಲ. ಎರಡು ಸೆಕೆಂಡಿಗೊಂದು ದೃಶ್ಯ ಬದಲಾಗುವ, ಸೋಪು ಅರ್ಧ ಕತ್ತರಿಸುವಷ್ಟರಲ್ಲಿ ಸ್ಲೈಮ್ ಎಂಬ ಲೋಳೆಯಂಥ ಆಟದ ಮುದ್ದೆಗೆ ಹಾರುವ ವಿಡಿಯೊಗಳಿವೆ. ಅವು ಸಮಾಧಾನದ ವೇಷ ಹಾಕಿಕೊಂಡ ಗಡಿಬಿಡಿ. ಅವನ್ನು ನೋಡಿದ ರಾತ್ರಿ ನನ್ನ ಮಗ ಇನ್ನಷ್ಟು ಹೊರಳಾಡುತ್ತಾನೆ. ಒಂದೇ ಕೈ, ಒಂದೇ ವಸ್ತು, ನಡುವೆ ಕತ್ತರಿ ಬೀಳದ ವಿಡಿಯೊ ಆರಿಸು. ನಾರ್ವೆಯ ಸರ್ಕಾರಿ ದೂರದರ್ಶನ 2009ರಲ್ಲಿ ಬರ್ಗೆನ್‌ನಿಂದ ಓಸ್ಲೊಗೆ ಹೋಗುವ ರೈಲಿನ ಪಯಣವನ್ನು ಏಳು ಗಂಟೆಗೂ ಹೆಚ್ಚು ಕಾಲ ಇದ್ದದ್ದು ಇದ್ದಂತೆಯೇ ತೋರಿಸಿತು. ಬಹುಪಾಲು ಹಳಿ, ಹಿಮ, ಸುರಂಗ, ಅಷ್ಟೇ. ಆ ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸ್ವಲ್ಪ ಹೊತ್ತಾದರೂ ಅದನ್ನು ನೋಡಿದರು. ನಿಧಾನವಾಗಿರುವುದನ್ನು ಜನ ನೋಡುವುದಿಲ್ಲ ಎಂಬ ಮಾತನ್ನು ನಾನು ಅಂದಿನಿಂದ ನಂಬುವುದಿಲ್ಲ.

ಮಗಳಿಗೆ ಈಗ ನಾಲ್ಕು ತುಂಬಿತಲ್ಲವೇ? ಎರಡರಿಂದ ಐದು ವರ್ಷದ ಮಕ್ಕಳಿಗೆ ಇಡೀ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಅದೂ ದೊಡ್ಡವರ ಜೊತೆಯಲ್ಲಿ ಎನ್ನುತ್ತದೆ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ. ನಮ್ಮಲ್ಲಿ ಹತ್ತು ನಿಮಿಷ, ಒಂದೇ ವಿಡಿಯೊ. ತಾನಾಗಿಯೇ ಮುಂದಿನದು ಶುರುವಾಗುವುದನ್ನು ನಿಲ್ಲಿಸಿಟ್ಟಿದ್ದೇನೆ. ಮುಗಿದ ಮೇಲೆ ಮೊಬೈಲು ಗೂಡಿಗೆ ಹೋಗುತ್ತದೆ, ದೀಪ ಆರುತ್ತದೆ. ನೀನು ಪಕ್ಕದಲ್ಲಿ ಕೂರುತ್ತೀಯಲ್ಲ, ಅದನ್ನು ಮಾತ್ರ ಬಿಡಬೇಡ. ಮೊಬೈಲನ್ನು ಅವಳ ಕೈಗೆ ಕೊಟ್ಟು ನೀನು ಅಡುಗೆಮನೆಗೆ ಹೋದರೆ ಅದು ಬೇರೆಯದೇ ವಸ್ತುವಾಗುತ್ತದೆ.

ಇನ್ನೊಂದು ವಿಷಯ. ಕಳೆದ ತಿಂಗಳು ಅಮ್ಮ ತಾವಾಗಿಯೇ ಹತ್ತಿಯ ಡಬ್ಬಿ ತೆಗೆದು ಹೂಬತ್ತಿ ಹೊಸೆಯಲು ಕೂತರು. ಅಪ್ಪ ಹೋದ ಮೇಲೆ ಅದನ್ನು ಮುಟ್ಟಿರಲಿಲ್ಲ. ಹತ್ತಿಯನ್ನು ಎಳೆದು ಹಗುರ ಮಾಡುವುದು, ಬೆರಳ ತುದಿಗೆ ಚೂರು ಹಾಲು ಸೋಕಿಸಿಕೊಂಡು ತೊಟ್ಟು ತಿರುಚುವುದು, ತಟ್ಟೆಯಲ್ಲಿ ಒಂದರ ಪಕ್ಕ ಒಂದು ನಿಲ್ಲಿಸುವುದು. ಮಗ ಪಕ್ಕದಲ್ಲಿ ಕೂತು, ಮುಖ ಬರದಂತೆ ಬರೀ ಕೈಗಳನ್ನು ಚಿತ್ರೀಕರಿಸಿದ. ಮೂರು ನಿಮಿಷ ಇದೆ. ಈ ಪತ್ರದೊಡನೆ ಕಳುಹಿಸುತ್ತಿದ್ದೇನೆ, ಇಂದು ರಾತ್ರಿ ಮಗಳಿಗೆ ತೋರಿಸು. ಕೊನೆಯಲ್ಲಿ ಬೀದಿಯ ನಾಯಿ ಜೋರಾಗಿ ಬೊಗಳುತ್ತದೆ. ಅಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿದ್ದರೆ ತಟ್ಟೆ ತುಂಬಿದ ಕೂಡಲೇ ನಿಲ್ಲಿಸಿಬಿಡು.

ನಿನ್ನ ಗೆಳೆಯ