ಹಳೇ ಪೇಟೆಯ ಖಾಲಿ ಉಪ್ಪರಿಗೆಗಳನ್ನು ಎಣಿಸಿ: ಕಾಸರಗೋಡು ನಗರಸಭೆಯ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ನಮಸ್ಕಾರ. ರಾತ್ರಿ ಒಂಬತ್ತು ಗಂಟೆಗೆ ಒಮ್ಮೆ ಹಳೇ ಬಸ್ ಸ್ಟ್ಯಾಂಡಿನಿಂದ ಎಂ.ಜಿ. ರಸ್ತೆಯಲ್ಲಿ ನಡೆದು ನೋಡಿ. ಹೆಚ್ಚಿನ ಶಟರುಗಳು ಆಗಲೇ ಇಳಿದಿರುತ್ತವೆ. ತಲೆ ಎತ್ತಿದರೆ ಅಂಗಡಿಗಳ ಮೇಲಿನ ಕಿಟಕಿಗಳಲ್ಲೂ ಬೆಳಕಿಲ್ಲ. ಹಗಲು ಕಾಲಿಡಲು ಜಾಗ ಸಿಗದ ಪೇಟೆ ಇದು. ರಾತ್ರಿ ಇಲ್ಲಿ ಮಲಗುವವರು ತೀರಾ ಕಡಿಮೆ.

ನಾನು ಬೆಳೆದದ್ದು ಅಂಥದೇ ಒಂದು ಕಿಟಕಿಯ ಹಿಂದೆ. ಕೆಳಗೆ ಅಪ್ಪನ ಜೀನಸಿನ ಅಂಗಡಿ, ಮೇಲೆ ನಮ್ಮ ಮನೆ. ಮುರಕಲ್ಲಿನ ದಪ್ಪ ಗೋಡೆ, ಮರದ ಮೆಟ್ಟಿಲು, ಹಂಚಿನ ಮಾಡು. ಎರಡು ಕೋಣೆ, ಒಂದು ಅಡುಗೆಮನೆ, ಏಳು ಜನ. ಪಕ್ಕದ ಉಪ್ಪರಿಗೆಯಲ್ಲಿ ಕೊಂಕಣಿ, ಎದುರಿನಲ್ಲಿ ಮಲಯಾಳ, ಅದರಾಚೆ ದರ್ಜಿಯ ಮನೆಯಲ್ಲಿ ಉರ್ದು. ಅಮ್ಮ ತುಳುವಿನಲ್ಲಿ ಗದರಿದರೆ ನಾಲ್ಕು ಮನೆಯ ಮಕ್ಕಳೂ ಸುಮ್ಮನಾಗುತ್ತಿದ್ದರು. ಸಪ್ತಭಾಷೆಯ ಊರು ಅಂತ ವೇದಿಕೆಯಲ್ಲಿ ಹೇಳುತ್ತೇವಲ್ವಾ? ಅದು ನನಗೆ ತಿಳಿದದ್ದು ಆ ಮೆಟ್ಟಿಲಿನಲ್ಲಿ ಕೂತು.

1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು. ಕಲೆಕ್ಟರೇಟು ವಿದ್ಯಾನಗರದಲ್ಲಿ. ಹೊಸ ಬಸ್ ಸ್ಟ್ಯಾಂಡ್ ಹೆದ್ದಾರಿಯ ಕಡೆ. ಪೇಟೆಯ ಜೀವ ಮೆಲ್ಲನೆ ಆ ಕಡೆಗೆ ಜರುಗಿತು. ನಮ್ಮ ಅಣ್ಣಂದಿರೂ ಹೊರಗೆ ಮನೆ ಕಟ್ಟಿದರು. ಉಪ್ಪರಿಗೆ ಮೊದಲು ಗೋಡೌನ್ ಆಯಿತು, ಆಮೇಲೆ ಬೀಗ ಬಿತ್ತು. ಒಲೆ ಉರಿಯದ ಮನೆಗೆ ಒರಲೆ ಬೇಗ ಹತ್ತುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಒಂದು ಹಂಚು ಒಡೆದದ್ದನ್ನು ಯಾರೂ ನೋಡದಿದ್ದರೆ ಎರಡು ಮಳೆಗಾಲದಲ್ಲಿ ಮಾಡಿನ ಮರದ ಪಕ್ಕಾಸು ಕುಂಬು ಹಿಡಿದು ಕೊಳೆಯುತ್ತದೆ. ಮಾಡು ಹೋದ ಮೇಲೆ ಮಣ್ಣಿನ ಗಾರೆಯ ಗೋಡೆ ಎಷ್ಟು ದಿನ ನಿಂತೀತು?

ಕೆಲವು ವರ್ಷಗಳ ಹಿಂದೆ ಇಬ್ಬರು ನರ್ಸುಗಳು ಆ ಉಪ್ಪರಿಗೆಯನ್ನು ಬಾಡಿಗೆಗೆ ಕೇಳಿದರು. ಕೇರಳದ ದಕ್ಷಿಣದ ಜಿಲ್ಲೆಯಿಂದ ಬಂದವರು. ರಾತ್ರಿ ಪಾಳಿ ಮುಗಿಸಿ ನಡೆದೇ ಬರಬಹುದಾದ ಮನೆ ಅವರಿಗೆ ಬೇಕಿತ್ತು. ನನಗೆ ಖುಷಿಯಾಯಿತು. ಪರಿಚಯದ ಎಂಜಿನಿಯರೊಬ್ಬರನ್ನು ಕರೆದು ತೋರಿಸಿದೆ. ಗೋಡೆ ಗಟ್ಟಿ ಇದೆ, ಮಾಡು ರಿಪೇರಿ ಮಾಡಬಹುದು, ಒಂದು ಶೌಚಾಲಯ ಕಟ್ಟಬೇಕು ಎಂದರು. ಆಮೇಲೆ ಕಾಗದದ ಮಾತು ಬಂತು. ಗೋಡೌನನ್ನು ಮನೆ ಮಾಡಬೇಕಾದರೆ ಅನುಮತಿ ಬೇಕು. ಅನುಮತಿಗೆ ಹೋದರೆ ಪಾರ್ಕಿಂಗ್ ಜಾಗ ಎಲ್ಲಿ, ಸುತ್ತ ಬಿಟ್ಟ ಜಾಗ ಎಷ್ಟು ಎಂಬ ಪ್ರಶ್ನೆ ಬರುತ್ತದೆ. ಪಕ್ಕದ ಗೋಡೆಗೆ ಅಂಟಿಕೊಂಡೇ ಕಟ್ಟಿದ ಅಂಗಡಿ ಅದು. ಎಲ್ಲಿಂದ ತರಲಿ ಜಾಗ? ಕೆಡವಿ ಹೊಸತು ಕಟ್ಟಿಬಿಡಿ ಅಂತ ಎಂಜಿನಿಯರು ಹೇಳಿದರು. ನರ್ಸುಗಳು ಬೇರೆ ಕಡೆ ಕೋಣೆ ಹಿಡಿದರು. ಆಸ್ಪತ್ರೆಗೆ ಈಗ ಎರಡು ಬಸ್ ಹತ್ತಿ ಬರುತ್ತಾರೆ.

ನಾನು ಯಾರನ್ನೂ ದೂರುತ್ತಿಲ್ಲ. 2019ರ ಕಟ್ಟಡ ನಿಯಮ ಇಡೀ ರಾಜ್ಯದ ನಗರಗಳಿಗೆ ಒಂದೇ, ಅದನ್ನು ಬದಲಾಯಿಸುವುದು ನಿಮ್ಮ ಕೈಯಲ್ಲಿಲ್ಲ ಅಂತಲೂ ಗೊತ್ತು. ಆದರೆ ತಿರುವನಂತಪುರಕ್ಕೆ ಹೋಗಿ ವಿನಾಯಿತಿ ಕೇಳಬೇಕಾದರೆ ಕೈಯಲ್ಲಿ ಲೆಕ್ಕ ಬೇಕಲ್ಲ? ಆ ಲೆಕ್ಕ ಮಾಡಿಸುವುದು ನಿಮ್ಮ ಕೈಯಲ್ಲಿದೆ. 2016ರ ಕೇರಳ ನಗರ ಮತ್ತು ಗ್ರಾಮ ಯೋಜನಾ ಕಾನೂನಿನಲ್ಲಿ ಇಡೀ ಊರಿನ ಮಾಸ್ಟರ್ ಪ್ಲಾನ್ ಅಲ್ಲದೆ, ಊರಿನ ಒಂದು ಭಾಗಕ್ಕೆ ಮಾತ್ರ ವಿವರವಾದ ಯೋಜನೆ ಮಾಡುವ ದಾರಿಯೂ ಇದೆ. ಹಳೇ ಪೇಟೆಗೆ ಅಂಥದೊಂದು ಅಧ್ಯಯನ ಮಾಡಿಸಿ. ಎಷ್ಟು ಉಪ್ಪರಿಗೆ ಖಾಲಿ ಇದೆ? ಯಾವ ಗೋಡೆ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ? ಮೆಟ್ಟಿಲು ಅಂಗಡಿಯ ಒಳಗಿಂದಲೋ ಹೊರಗಿಂದಲೋ? ನೀರು, ಕೊಳಚೆ ಎಲ್ಲಿಗೆ ಹೋಗುತ್ತದೆ? ಬೆಂಕಿ ಬಿದ್ದರೆ ಇಳಿಯಲು ಎರಡನೇ ದಾರಿ ಇದೆಯಾ? ಈ ಕೊನೆಯ ಪ್ರಶ್ನೆಯಲ್ಲಿ ಮಾತ್ರ ಯಾವ ವಿನಾಯಿತಿಯೂ ಬೇಡ.

ಪಾರ್ಕಿಂಗ್ ವಿಷಯ ಹಾಗಲ್ಲ. ಬಸ್ ಸ್ಟ್ಯಾಂಡಿಗೂ ರೈಲ್ವೆ ಸ್ಟೇಷನ್ನಿಗೂ ಜನರಲ್ ಆಸ್ಪತ್ರೆಗೂ ನಡೆದು ಹೋಗುವ ಜಾಗದಲ್ಲಿರುವವರಿಗೆ ಕಾರು ಕಡ್ಡಾಯವೇ? ಕಾರುಗಳದ್ದೇ ಊರಾದ ಲಾಸ್ ಏಂಜಲೀಸ್ ಕೂಡ 1999ರಲ್ಲಿ ತನ್ನ ಹಳೇ ಪೇಟೆಗೆ ಬೇರೆ ನಿಯಮ ಮಾಡಿತು. ಹಳೇ ಆಫೀಸು ಕಟ್ಟಡವನ್ನು ಮನೆಗಳಾಗಿ ಮಾಡುವವರಿಂದ ಹೊಸ ಪಾರ್ಕಿಂಗ್ ಕೇಳಬಾರದು ಎಂಬುದು ಅದರಲ್ಲಿ ಮುಖ್ಯ. ಮುಂದಿನ ವರ್ಷಗಳಲ್ಲಿ ಅಲ್ಲಿ ಸಾವಿರಾರು ಮನೆಗಳಾದವು. ನಮಗೆ ಸಾವಿರ ಬೇಡ. ಐವತ್ತು ಉಪ್ಪರಿಗೆಯಲ್ಲಿ ಜನ ಬಂದರೂ ಪೇಟೆಯ ರಾತ್ರಿ ಬೇರೆಯಾಗುತ್ತದೆ.

ಹಳೇ ಕಟ್ಟಡ ಅಂದ ಕೂಡಲೇ ಮ್ಯೂಸಿಯಂ, ಕಲಾ ಪ್ರದರ್ಶನ ಎಂಬ ಮಾತು ಬರುತ್ತದೆ. ಅದೂ ಒಳ್ಳೆಯದೇ. ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಕಂಪನಿಯ ಹಳೇ ಕಟ್ಟಡಗಳಲ್ಲಿ 2012ರಿಂದ ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನ ನಡೆಯಿತು. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಯವರ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದೇವೆ, ನೋಡಿದಾಗ ಮನಸ್ಸು ತುಂಬುತ್ತದೆ. ಆದರೆ ಪೇಟೆಗೆ ಈಗ ಬೇಕಾದದ್ದು ಸಂಜೆ ಅನ್ನ ಬೇಯುವ ಮನೆ. ವರ್ಗವಾಗಿ ಬಂದ ಮೇಷ್ಟ್ರುಗಳಿಗೆ, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಹುಡುಗಿಯರಿಗೆ, ವಾರವಾರ ಡಾಕ್ಟರ ಹತ್ತಿರ ಹೋಗುವ ವಯಸ್ಸಾದವರಿಗೆ. ಇವರಿಗೆಲ್ಲ ದೊಡ್ಡ ಫ್ಲಾಟ್ ಬೇಡ, ಕೊಳ್ಳುವ ಶಕ್ತಿಯೂ ಇಲ್ಲ.

ಇನ್ನೊಂದು ಕಡೆ ನೋಡಿ. ಹೆದ್ದಾರಿ ಅಗಲವಾಗುವಾಗ ಎಷ್ಟೋ ಅಂಗಡಿ, ಮನೆ ಹೋದವು. ಊರ ಹೊರಗೆ ಗುಡ್ಡ ಕಡಿದು ಮನೆ ಕಟ್ಟುತ್ತಿದ್ದೇವೆ. ಗದ್ದೆ ಉಳಿಸಲು 2008ರಲ್ಲೇ ಕಾನೂನು ಬಂದಿದ್ದರೂ ಗದ್ದೆಯ ಮೇಲಿನ ಕಣ್ಣು ಹೋಗಿಲ್ಲ. ಒಂದು ಕಡೆ ಹೊಸ ಮುರಕಲ್ಲು ಕೊಯ್ಯುತ್ತೇವೆ, ಇನ್ನೊಂದು ಕಡೆ ಕಟ್ಟಿದ ಮುರಕಲ್ಲಿನ ಗೋಡೆ ಬೀಳಲು ಬಿಡುತ್ತೇವೆ. ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ಬೀಗ ಹಾಕಿದವರೆಲ್ಲ ಉದಾಸೀನದಿಂದ ಹಾಕಿದ್ದಲ್ಲ. ಕೆಲವು ಕಟ್ಟಡಗಳ ಪಾಲುಪಟ್ಟಿಯೇ ಆಗಿಲ್ಲ. ಒಬ್ಬ ಮಗ ಮುಂಬೈಯಲ್ಲಿ, ಒಬ್ಬ ಗಲ್ಫ್‌ನಲ್ಲಿ, ಅಕ್ಕ ಬೆಂಗಳೂರಿನಲ್ಲಿ. ಇನ್ನು ಕೆಲವರಿಗೆ 1965ರ ಬಾಡಿಗೆ ಕಾನೂನಿನ ಹೆದರಿಕೆ: ಕೊಟ್ಟರೆ ಬಿಡಿಸಿಕೊಳ್ಳುವುದು ಹೇಗೆ? ನಗರಸಭೆಯೇ ಮಧ್ಯೆ ನಿಂತು, ಇಷ್ಟು ವರ್ಷಕ್ಕೆ ಅಂತ ಕರಾರು ಮಾಡಿಸಿ, ರಿಪೇರಿಯ ವರ್ಷಗಳಲ್ಲಿ ಕಟ್ಟಡ ತೆರಿಗೆ ಕಡಿಮೆ ಮಾಡಿದರೆ ಎಷ್ಟೋ ಮಂದಿ ಮುಂದೆ ಬರುತ್ತಾರೆ. ಅವರನ್ನು ಕೇಳಿ ನೋಡಬೇಕು, ಅಷ್ಟೇ.

ಕೇಳುವಾಗ ಕನ್ನಡದಲ್ಲೂ ಕೇಳಿ. ಪೇಟೆಯ ಹಿರಿಯ ಮಾಲೀಕರಲ್ಲಿ ಮಲಯಾಳ ಮಾತಾಡಬಲ್ಲ, ಓದಲಾರದ ಕನ್ನಡಿಗರು ಬಹಳ ಜನ ಇದ್ದಾರೆ. ಭಾಷಾ ಅಲ್ಪಸಂಖ್ಯಾತರಿಗೆ ಸರಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು 1969ರ ಕಾನೂನೇ ಕೊಟ್ಟಿತು. ಸಮೀಕ್ಷೆಯ ಫಾರಂ, ನೋಟೀಸು, ವಾರ್ಡು ಸಭೆಯ ಚರ್ಚೆ ಎರಡೂ ಭಾಷೆಯಲ್ಲಿರಲಿ. ಅರ್ಥವಾಗದ ಕಾಗದಕ್ಕೆ ಯಾರೂ ಸಹಿ ಹಾಕುವುದಿಲ್ಲ.

ಮೊದಲು ಒಂದೇ ಬೀದಿ ಸಾಕು. ಈ ಮಳೆಗಾಲಕ್ಕೆ ಮುಂಚೆ ಅಳತೆ ಮುಗಿದರೆ ಬೀಳುವ ಮಾಡುಗಳಿಗಾದರೂ ಒಂದು ಟಾರ್ಪಾಲು ಹೊದಿಸಬಹುದು. ನಮ್ಮ ಉಪ್ಪರಿಗೆಯ ಬೀಗದ ಕೈ ನನ್ನ ಹತ್ತಿರವೇ ಇದೆ. ಅಳೆಯಲು ಬರುವವರು ಹಿಂದಿನ ದಿನ ಒಂದು ಮಾತು ತಿಳಿಸಲಿ, ನಾನೇ ಬಂದು ತೆರೆದುಕೊಡುತ್ತೇನೆ. ಮೆಟ್ಟಿಲಿನ ಮೂರನೇ ಹಲಗೆ ಸಡಿಲ ಇದೆ, ಜಾಗ್ರತೆಯಿಂದ ಹತ್ತಲು ಹೇಳಿ.

ಇತಿ,
ಹಳೇ ಪೇಟೆಯ ಒಬ್ಬ ತೆರಿಗೆದಾರ